ಕಾರ್ಡಿನ ಕೊನೆಯ ಸಾಲು

ನನ್ನ ವೀಲ್‌ಚೇರ್‌ನ ಹಿಂದೆ ಒಂದು ಚೀಲ ತೂಗುತ್ತಿರುತ್ತದೆ. ಅದರ ಹೊರಗಿನ ಜೇಬಿನಲ್ಲಿ ಅಂಗೈ ಅಗಲದ ಒಂದು ಲ್ಯಾಮಿನೇಟ್ ಕಾರ್ಡ್ ಇದೆ. ನನಗೆ ಮಾತಾಡಲು ಆಗದ ಹೊತ್ತು ಬಂದರೆ ಯಾರಾದರೂ ತೆಗೆದು ಓದಲಿ ಅಂತ ಇಟ್ಟಿದ್ದು. ಅದರಲ್ಲಿ ಹೀಗಿದೆ: ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾಗಿದೆ, ಸಿ6 ಮಟ್ಟ. ಮಾಮೂಲಿ ಬಿಪಿ 90/60. ಬೇರೆಯವರಿಗೆ 130 ಏನೂ ಅಲ್ಲ, ನನಗೆ ಅಪಾಯ. ತಲೆ ಸಿಡಿಯುವಂಥ ನೋವು ಬಂದು, ಮುಖ ಕೆಂಪಾಗಿ ಬೆವರುತ್ತಿದ್ದರೆ ಮಲಗಿಸಬೇಡಿ, ಕೂರಿಸಿ. ಬಿಗಿ ಬಟ್ಟೆ ಸಡಿಲಿಸಿ. ಮೂತ್ರದ ಪೈಪು ಎಲ್ಲಾದರೂ ಮಡಚಿಕೊಂಡಿದೆಯಾ ನೋಡಿ.

ಕೊನೆಯಲ್ಲಿ ಒಂದು ಸಾಲು: ‘ನನಗೆ ಬದುಕಬೇಕು. ಉಳಿಸಲು ಏನೇನು ಮಾಡಬಹುದೋ ಎಲ್ಲ ಮಾಡಿ.’

ಹೋದ ವಾರ ಚಿಕ್ಕಪ್ಪನ ಮಗಳು ಚೀಲದಲ್ಲಿ ಚಾರ್ಜರ್ ಹುಡುಕುತ್ತಿದ್ದಾಗ ಈ ಕಾರ್ಡ್ ಅವಳ ಕೈಗೆ ಸಿಕ್ಕಿತು. ಪೂರ್ತಿ ಓದಿದಳು. “ಅಕ್ಕಾ, ಈ ಕೊನೆ ಸಾಲು ಯಾಕೆ ಬರೆಸಿದ್ದೀಯ? ಆಸ್ಪತ್ರೆಯವರು ಅದನ್ನೇ ತಾನೆ ಮಾಡೋದು?” ಎಂದು ಕೇಳಿದಳು. ಅವಳಿಗೆ ಇಪ್ಪತ್ತೊಂದು ವರ್ಷ. ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಎರಡು ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಆಗಲಿಲ್ಲ. ಆಮೇಲೆ ಹೇಳುತ್ತೇನೆ ಅಂದೆ. ಈ ಬರಹ ಆ ‘ಆಮೇಲೆ’.

ನನಗೆ ಅಪಘಾತವಾದಾಗ ಇಪ್ಪತ್ತಾರು. ಹದಿನಾಲ್ಕು ವರ್ಷದ ಹಿಂದಿನ ಮಾತು. ಭುಜ ಆಡುತ್ತದೆ, ಮೊಣಕೈ ಮಡಚುತ್ತದೆ, ಮಣಿಕಟ್ಟು ಮೇಲಕ್ಕೆ ಏಳುತ್ತದೆ. ಬೆರಳು ಆಡುವುದಿಲ್ಲ. ಎದೆಯಿಂದ ಕೆಳಗೆ ಏನೂ ಇಲ್ಲ. ಆರನೇ ತಿಂಗಳಲ್ಲಿ ಒಂದು ರಾತ್ರಿ, ಡ್ಯೂಟಿಯಲ್ಲಿದ್ದ ನರ್ಸ್ ಹತ್ತಿರ ನಾನು ಹೇಳಿದೆ: “ಸಿಸ್ಟರ್, ನನಗೆ ಸಾಯಬೇಕು.”

ಅಳುತ್ತಾ ಹೇಳಿದ್ದಲ್ಲ. ಬಹಳ ಶಾಂತವಾಗಿ, ಯೋಚನೆ ಮಾಡಿ ಹೇಳಿದ್ದೆ. ಆ ಶಾಂತಿಯನ್ನು ನಾನೀಗಲೂ ಮರೆತಿಲ್ಲ, ಯಾಕೆಂದರೆ ಯಾರಾದರೂ ಆ ಹೊತ್ತಿಗೆ ನನ್ನನ್ನು ಪರೀಕ್ಷೆ ಮಾಡಿದ್ದರೆ ‘ಮನಸ್ಸು ಸ್ಥಿಮಿತದಲ್ಲಿದೆ, ಸ್ವಂತ ಇಚ್ಛೆಯಿಂದ ಹೇಳುತ್ತಿದ್ದಾರೆ’ ಅಂತಲೇ ಬರೆಯುತ್ತಿದ್ದರು.

ಸಿಸ್ಟರ್ ಉಪದೇಶ ಮಾಡಲಿಲ್ಲ. ಹಾಗೆಲ್ಲ ಅನ್ನಬಾರದು ಅಂತಲೂ ಹೇಳಲಿಲ್ಲ. ಪಕ್ಕದಲ್ಲಿ ಕೂತು, “ಇವತ್ತು ಏನಾಯ್ತು ಹೇಳಿ” ಅಂದರು. ನಾನು ಹೇಳುತ್ತಾ ಹೋದೆ. ತಲೆಸ್ನಾನ ಆಗಿ ಒಂಬತ್ತು ದಿನವಾಗಿತ್ತು. ಮಲ ತೆಗೆಸುವ ಹೊತ್ತಿಗೆ ಪರದೆ ಎಳೆದಿರಲಿಲ್ಲ, ಎದುರು ಮಂಚದವರ ನೆಂಟರು ನೋಡಿದ್ದರು. ಎರಡು ಗಂಟೆಗೊಮ್ಮೆ ನನ್ನ ಮಗ್ಗುಲು ಬದಲಿಸಬೇಕಿತ್ತು, ಬದಲಿಸುತ್ತಿರಲಿಲ್ಲ. ಅವರು ಅಲ್ಲೇ ನನ್ನನ್ನು ಹೊರಳಿಸಿ ನೋಡಿದರು. ಸೊಂಟದ ಕೆಳಗೆ ರೂಪಾಯಿ ಅಗಲ ಬೆಡ್ ಸೋರ್ ಆಗಿತ್ತು. ನನಗೆ ಸ್ಪರ್ಶ ಇಲ್ಲವಲ್ಲ, ಗೊತ್ತೇ ಆಗಿರಲಿಲ್ಲ. ಮೂರು ದಿನದಿಂದ ಬಿಟ್ಟು ಬಿಟ್ಟು ಬರುತ್ತಿದ್ದ ಜ್ವರಕ್ಕೆ ಅದೇ ಕಾರಣ.

ಮಾರನೆಯ ದಿನದಿಂದ ಹೊರಳಿಸುವ ಚಾರ್ಟ್ ಮಂಚದ ತಲೆಗೆ ನೇತು ಬಿತ್ತು. ಪರದೆ ಎಳೆಯತೊಡಗಿದರು. ಸಿಸ್ಟರೇ ತಲೆ ತೊಳೆದರು.

ಅಷ್ಟಕ್ಕೇ ಸಾಯುವ ಆಸೆ ಹೋಗಿಬಿಟ್ಟಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಅದು ಪೂರ್ತಿ ಹೋಗಲು ಎರಡು ವರ್ಷದ ಮೇಲೆ ಹಿಡಿಯಿತು. ಮಣಿಕಟ್ಟನ್ನು ಹಿಂದಕ್ಕೆ ಎತ್ತಿದರೆ ಸತ್ತ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತವೆ, ಆ ಹಿಡಿತದಲ್ಲಿ ಚಮಚ ನಿಲ್ಲುತ್ತದೆ ಅಂತ ಫಿಸಿಯೋ ಕಲಿಸಿದರು. ಅದಕ್ಕೆ ಮೂರು ತಿಂಗಳು. ಮನೆ ಬಾಗಿಲಿಗೆ ರ‍್ಯಾಂಪ್ ಆಗಲು ಇನ್ನೂ ನಾಲ್ಕು. ಬೆಳಿಗ್ಗೆ ಆರೂವರೆಗೆ ತಪ್ಪದೆ ಬಂದು ನನ್ನನ್ನು ಎಬ್ಬಿಸಿ, ತೊಳೆಸಿ, ಕುರ್ಚಿಗೆ ಕೂರಿಸುವ ಒಬ್ಬರು ಸಿಗಲು ಒಂದು ವರ್ಷ. ಆಮೇಲೆ ಕೆಲಸ. ಬದುಕುವ ಆಸೆ ಬಂದಿದ್ದು ಹೀಗೆ, ಒಂದೊಂದೇ ಮೆಟ್ಟಿಲು. ನನ್ನ ಬೆನ್ನುಹುರಿ ಆರನೇ ತಿಂಗಳಲ್ಲಿ ಹೇಗಿತ್ತೋ ಈಗಲೂ ಹಾಗೇ ಇದೆ. ಒಂದು ಕೂದಲೆಳೆಯಷ್ಟೂ ಸರಿಹೋಗಿಲ್ಲ. ಸರಿಹೋಗಿದ್ದು ಅದರ ಸುತ್ತಲಿನದು.

ಆ ರಾತ್ರಿ “ಇವತ್ತು ಏನಾಯ್ತು” ಅಂತ ಕೇಳುವ ಬದಲು ಯಾರಾದರೂ “ಹೌದಮ್ಮ, ನಿಮ್ಮ ಸ್ಥಿತಿ ನೋಡಿದರೆ ಹಾಗೆ ಅನಿಸುವುದು ಸಹಜ, ಅದಕ್ಕೊಂದು ವ್ಯವಸ್ಥೆ ಇದೆ” ಅಂದಿದ್ದರೆ? ನನಗೆ ಇದು ಸುಮ್ನೆ ಹೊಳೆದ ಕಲ್ಪನೆಯಲ್ಲ. ಈ ಪ್ರಪಂಚದಲ್ಲಿ ಹಾಗೆ ಹೇಳುವ ಕಾನೂನುಗಳು ಇವೆ.

ಕೆನಡಾದಲ್ಲಿ 2016ರಲ್ಲಿ ವೈದ್ಯರ ನೆರವಿನ ಸಾವು ಕಾನೂನಾಯಿತು. ಆಗ ಒಂದು ಕಟ್ಟುಪಾಡು ಇತ್ತು: ಸಹಜ ಸಾವು ಹತ್ತಿರದಲ್ಲಿ ಕಾಣುತ್ತಿರಬೇಕು. 2019ರಲ್ಲಿ ಕ್ವಿಬೆಕ್‌ನ ಒಂದು ನ್ಯಾಯಾಲಯ ಆ ಕಟ್ಟುಪಾಡು ಸಲ್ಲದು ಅಂದಿತು. 2021ರ ಮಾರ್ಚ್‌ನಲ್ಲಿ ಕಾನೂನು ಬದಲಾಯಿತು. ಸಾವು ಹತ್ತಿರವಿಲ್ಲದವರಿಗೂ, ಅಂದರೆ ವಾಸಿಯಾಗದ ಕಾಯಿಲೆಯೋ ಅಂಗವೈಕಲ್ಯವೋ ಇದ್ದು ತಡೆಯಲಾಗದ ಸಂಕಟ ಇರುವವರಿಗೂ, ಎರಡನೇ ದಾರಿಯೊಂದು ತೆರೆಯಿತು. ಟ್ರ್ಯಾಕ್ 2 ಅಂತ ಅದಕ್ಕೆ ಹೆಸರು. ಈ ದಾರಿಯಲ್ಲಿ ಬರುವವರ ವಿಷಯವನ್ನು ಕನಿಷ್ಠ 90 ದಿನ ಪರಿಶೀಲಿಸಬೇಕು.

90 ದಿನ. ನನ್ನ ತೊಂಬತ್ತನೇ ದಿನ ನನಗೆ ನೆನಪಿದೆ. ಅರ್ಧ ಗಂಟೆ ಕೂರಿಸಿದರೆ ಬಿಪಿ ಬಿದ್ದು ಕಣ್ಣು ಕತ್ತಲೆ ಬರುತ್ತಿತ್ತು. ಚಮಚ ಇನ್ನೂ ದೂರದ ಮಾತು. ನೂರೆಂಬತ್ತನೇ ದಿನಕ್ಕೂ ಬೆಡ್ ಸೋರ್ ಇತ್ತು, ಆಸೆ ಇರಲಿಲ್ಲ. ಮುಂದೆ ನಾನು ಬದುಕಿದ ಬದುಕಿನ ಒಂದು ಎಳೆಯೂ ಆಗ ಕಣ್ಣಿಗೆ ಬಿದ್ದಿರಲಿಲ್ಲ. ಯಾವುದನ್ನು ನೋಡಿಯೇ ಇಲ್ಲವೋ ಅದನ್ನು ಬೇಡ ಅನ್ನುವುದಕ್ಕೆ ಆಯ್ಕೆ ಅಂತ ಹೆಸರಿಡಬಹುದಾ?

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತದೆ. ಸಂಕಟ ಕಡಿಮೆ ಮಾಡುವ ಬೇರೆ ದಾರಿಗಳು ಏನಿವೆ ಅಂತ ಆ ವ್ಯಕ್ತಿಗೆ ತಿಳಿಸಬೇಕು ಅಂತ ಆ ಕಾನೂನು ಹೇಳುತ್ತದೆ. ನೋವಿನ ಚಿಕಿತ್ಸೆ, ಮಾನಸಿಕ ನೆರವು, ಅಂಗವಿಕಲರಿಗೆ ಸಿಗುವ ಸೇವೆಗಳು, ಎಲ್ಲವನ್ನೂ ತಿಳಿಸಬೇಕು. ಅವು ಸಿಗಲೇಬೇಕು ಅಂತ ಮಾತ್ರ ಹೇಳುವುದಿಲ್ಲ. ಸಾವಿಗೆ ಗಡುವು ಇದೆ, ಸಹಾಯಕರಿಗೆ ಗಡುವಿಲ್ಲ. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಒಬ್ಬ ಮಾಜಿ ಸೈನಿಕೆ, ಪ್ಯಾರಾಲಿಂಪಿಕ್ಸ್‌ನಲ್ಲಿ ಆಡಿದವರು, ಸಂಸತ್ತಿನ ಸಮಿತಿಯ ಮುಂದೆ ಹೇಳಿಕೆ ಕೊಟ್ಟರು. ಮನೆಗೆ ವೀಲ್‌ಚೇರ್ ಲಿಫ್ಟ್ ಹಾಕಿಸಿಕೊಡಿ ಅಂತ ವರ್ಷಗಟ್ಟಲೆ ಕೇಳುತ್ತಿದ್ದೆ, ಕೊನೆಗೆ ಸಾಯಲು ನೆರವು ಬೇಕಿದ್ದರೆ ಕೊಡಬಹುದು ಅನ್ನುವ ಮಾತು ಬಂತು ಅಂದರು. ಲಿಫ್ಟ್ ಕೇಳಿದವರಿಗೆ!

2023ರಲ್ಲಿ ಕೆನಡಾದಲ್ಲಿ ಹೀಗೆ ಸತ್ತವರು 15,343 ಜನ. ಆ ವರ್ಷದ ಒಟ್ಟು ಸಾವಿನಲ್ಲಿ 4.7 ಶೇಕಡಾ. ಅವರಲ್ಲಿ 622 ಜನ ಎರಡನೇ ದಾರಿಯವರು. ಒಟ್ಟು ಲೆಕ್ಕದ ಪಕ್ಕ ಇಟ್ಟರೆ ಸಣ್ಣ ಸಂಖ್ಯೆ ಅನಿಸಬಹುದು. ಆದರೆ ಆ 622 ಜನರ ಸಾವು ಹತ್ತಿರದಲ್ಲಿರಲಿಲ್ಲ. ಸಾವು ಹತ್ತಿರವಿಲ್ಲದ, ಅಂಗವೈಕಲ್ಯವೂ ಇಲ್ಲದ ಒಬ್ಬರು ಬಂದು ‘ನನಗೆ ಸಾಯಬೇಕು’ ಅಂದರೆ ಅದೇ ಸರ್ಕಾರ ಅವರನ್ನು ತಡೆಯಲು ಸಹಾಯವಾಣಿ ನಡೆಸುತ್ತದೆ. ಮಾತು ಒಂದೇ. ಅದನ್ನು ಆಡುವ ದೇಹ ಬೇರೆಯಾದರೆ ಉತ್ತರವೂ ಬೇರೆಯಾಗುತ್ತದೆ. ನನ್ನ ವಿರೋಧವೆಲ್ಲ ಇರುವುದು ಇಲ್ಲೇ. ವಿಶ್ವಸಂಸ್ಥೆಯ ಮೂವರು ಮಾನವ ಹಕ್ಕು ತಜ್ಞರು 2021ರ ಜನವರಿಯಲ್ಲೇ ಎಚ್ಚರಿಕೆ ಕೊಟ್ಟಿದ್ದರು, ಅಂಗವೈಕಲ್ಯ ಅನ್ನುವುದು ಸಾವಿಗೆ ಒಪ್ಪಿಗೆ ಕೊಡಲು ಕಾರಣವಾಗಬಾರದು ಅಂತ. 2025ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯದೇ ಅಂಗವಿಕಲರ ಹಕ್ಕುಗಳ ಸಮಿತಿ ಟ್ರ್ಯಾಕ್ 2 ಅನ್ನು ರದ್ದು ಮಾಡಿ ಅಂತ ಕೆನಡಾಕ್ಕೆ ನೇರವಾಗಿಯೇ ಹೇಳಿತು.

ಈ ಜಗಳ ಹೊಸದಲ್ಲ. ಅಮೆರಿಕದ ಜಾರ್ಜಿಯಾದ ಲ್ಯಾರಿ ಮ್ಯಾಕಫಿ ಅವರ ಕಥೆಯನ್ನು ನಾನು ಮೊದಲು ಓದಿದಾಗ ಕುರ್ಚಿಯಲ್ಲೇ ಬಹಳ ಹೊತ್ತು ಹಾಗೇ ಕೂತಿದ್ದೆ. 1985ರಲ್ಲಿ ಮೋಟಾರ್‌ಸೈಕಲ್ ಅಪಘಾತ. ಕುತ್ತಿಗೆಯ ತೀರಾ ಮೇಲೆ ಪೆಟ್ಟು, ಹಾಗಾಗಿ ಉಸಿರಿಗೂ ವೆಂಟಿಲೇಟರ್. ವಿಮೆಯ ಹಣ ಇರುವಷ್ಟು ದಿನ ಸ್ವಂತ ಮನೆ, ಸಹಾಯಕರು ಎಲ್ಲ ಇತ್ತು. ಹಣ ಮುಗಿಯಿತು. ಬೇರೆ ರಾಜ್ಯದ ನರ್ಸಿಂಗ್ ಹೋಮ್‌ಗೆ ಸಾಗಿಸಿದರು. ಅಲ್ಲಿಂದ ತಂದು ಒಂದು ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ತಿಂಗಳುಗಟ್ಟಲೆ ಇಟ್ಟರು. ಅವರಿಗೆ ಐಸಿಯು ಬೇಕಿರಲಿಲ್ಲ, ಇಡಲು ಬೇರೆ ಜಾಗ ಇರಲಿಲ್ಲ ಅಷ್ಟೆ. 1989ರಲ್ಲಿ ಅವರು ವೆಂಟಿಲೇಟರ್ ತೆಗೆಯಲು ಅನುಮತಿ ಕೊಡಿ ಅಂತ ಕೋರ್ಟಿಗೆ ಹೋದರು. ಕೋರ್ಟು ಕೊಟ್ಟಿತು. ರಾಜ್ಯದ ಸುಪ್ರೀಂ ಕೋರ್ಟೂ ಒಪ್ಪಿತು.

ಆಗ ಅಂಗವಿಕಲರ ಹಕ್ಕಿನ ಹೋರಾಟಗಾರರು ಅವರನ್ನು ಹೋಗಿ ನೋಡಿದರು. ಧ್ವನಿಯಿಂದ ನಡೆಸುವ ಕಂಪ್ಯೂಟರ್ ತೋರಿಸಿದರು. ಮ್ಯಾಕಫಿ ಓದಿದ್ದು ಎಂಜಿನಿಯರಿಂಗ್. ನರ್ಸಿಂಗ್ ಹೋಮ್ ಬಿಟ್ಟು ಮನೆಯಂಥ ಜಾಗದಲ್ಲಿ ಇರಲು ದಾರಿ ಹುಡುಕಿದರು. ಮ್ಯಾಕಫಿ ಕೋರ್ಟ್ ಕೊಟ್ಟ ಅನುಮತಿಯನ್ನು ಬಳಸಲೇ ಇಲ್ಲ. ಮುಂದೆ ಸುಮಾರು ಆರು ವರ್ಷ ಬದುಕಿದರು.

ಚಿಕಿತ್ಸೆ ಬೇಡ ಅನ್ನುವ ಹಕ್ಕು ಅವರಿಗಿತ್ತು, ಅದರಲ್ಲಿ ಎರಡು ಮಾತಿಲ್ಲ. ನನಗೂ ಇದೆ. ಆ ಹಕ್ಕನ್ನು ನಾನು ಯಾವತ್ತೂ ಬಿಟ್ಟುಕೊಡುವುದಿಲ್ಲ. ಆದರೆ ಸಾಯುವ ಹಕ್ಕನ್ನು ಅವರಿಗೆ ಅಷ್ಟು ಬೇಗ ಕೊಡಲು ಸಾಧ್ಯವಾದ ಸಮಾಜಕ್ಕೆ ಇರಲು ಒಂದು ಮನೆ ಕೊಡಲು ಆಗಿರಲಿಲ್ಲ. ಕೋರ್ಟಿನಲ್ಲಿ ಅವರ ಧೈರ್ಯ ಹೊಗಳಿದರು. ಐಸಿಯುನಲ್ಲಿ ಯಾಕಿದ್ದೀರಿ ಅಂತ ಕೇಳಿದವರು ಕಡಿಮೆ.

1996ರಲ್ಲಿ ಡಯಾನ್ ಕೋಲ್ಮನ್ ಎಂಬ ವಕೀಲೆ, ಚಿಕ್ಕಂದಿನಿಂದ ವೀಲ್‌ಚೇರ್ ಬಳಸಿದವರು, ಒಂದು ಸಂಘಟನೆ ಕಟ್ಟಿದರು. ಹೆಸರು ‘ನಾಟ್ ಡೆಡ್ ಯೆಟ್’. ಇನ್ನೂ ಸತ್ತಿಲ್ಲ, ಅಂತ. ನೆರವಿನ ಸಾವನ್ನು ವಿರೋಧಿಸುವುದು ಧರ್ಮದವರ ಕೆಲಸ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕೋಲ್ಮನ್ ಅವರು ಎತ್ತಿದ್ದು ದೇವರ ಪ್ರಶ್ನೆ ಅಲ್ಲ, ತಾರತಮ್ಯದ ಪ್ರಶ್ನೆ. ನನ್ನದೂ ಅದೇ.

ಈಗ ಕಾರ್ಡಿನ ವಿಷಯಕ್ಕೆ ಬರುತ್ತೇನೆ.

ಆರು ವರ್ಷದ ಹಿಂದೆ ನನಗೆ ನ್ಯುಮೋನಿಯಾ ಬಂತು. ನಮ್ಮಂಥವರಿಗೆ ಇದು ದೊಡ್ಡ ಶತ್ರು. ಹೊಟ್ಟೆಯ, ಪಕ್ಕೆಲುಬಿನ ಸ್ನಾಯು ಕೆಲಸ ಮಾಡುವುದಿಲ್ಲ, ಹಾಗಾಗಿ ಕೆಮ್ಮಿ ಕಫ ಹೊರಹಾಕಲು ಆಗುವುದಿಲ್ಲ. ನಾನು ಕೆಮ್ಮುವಾಗ ಇನ್ನೊಬ್ಬರು ಪಕ್ಕೆಯ ಕೆಳಗೆ ಅಂಗೈಯಿಟ್ಟು ಒತ್ತಬೇಕು. ಅಮ್ಮನಿಗೆ ಇದು ಚೆನ್ನಾಗಿ ಬರುತ್ತದೆ. ಆ ಆಸ್ಪತ್ರೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ, ಅಮ್ಮನನ್ನು ಒಳಗೂ ಬಿಡಲಿಲ್ಲ. ಎರಡನೇ ದಿನ ಆಮ್ಲಜನಕ ಇಳಿಯತೊಡಗಿತು. ಒಬ್ಬ ಯುವ ಡಾಕ್ಟರು ಹೊರಗೆ ಬಂದು ಅಮ್ಮನ ಹತ್ತಿರ ಮಾತಾಡಿದರು. ಕೆಟ್ಟವರಲ್ಲ. ಬಹಳ ಮೃದುವಾಗಿಯೇ ಮಾತಾಡಿದರಂತೆ. “ವೆಂಟಿಲೇಟರ್ ಹಾಕಬಹುದು. ಆದರೆ ಅವರ ಸ್ಥಿತಿ ಮೊದಲೇ ಹೀಗಿದೆ. ಇನ್ನೂ ಕಷ್ಟ ಕೊಡಬೇಕಾ ಅಂತ ನೀವು ಯೋಚನೆ ಮಾಡಿ” ಅಂದರು.

ಅಮ್ಮ ಅವರ ಮುಖ ನೋಡಿ ಹೇಳಿದ್ದು ಒಂದೇ ಮಾತು: “ಡಾಕ್ಟ್ರೇ, ಅವಳು ಸೋಮವಾರ ಆಫೀಸಿಗೆ ಹೋಗಬೇಕು.”

ಸೋಮವಾರ ಹೋಗಲಿಲ್ಲ. ಒಂಬತ್ತು ದಿನ ವೆಂಟಿಲೇಟರ್‌ನಲ್ಲಿದ್ದೆ. ಐದು ವಾರದ ಮೇಲೆ ಹೋದೆ. ಆ ಡಾಕ್ಟರು ನನ್ನ ಬದುಕನ್ನು ಕಂಡಿರಲಿಲ್ಲ. ಮಂಚದ ಮೇಲೆ ಆಡದ ನಾಲ್ಕು ಕೈಕಾಲು ಕಂಡಿದ್ದರು. ಅವರ ಕಣ್ಣಿಗೆ ನಾನು ಅದಾಗಲೇ ಅರ್ಧ ದಾರಿ ಹೋಗಿಬಿಟ್ಟಿದ್ದೆ.

ಇದು ಒಬ್ಬರ ದೋಷ ಅಲ್ಲ ಅಂತ ಆಮೇಲೆ ಗೊತ್ತಾಯಿತು. 2021ರಲ್ಲಿ ಅಮೆರಿಕದಲ್ಲಿ 714 ವೈದ್ಯರನ್ನು ಕೇಳಿ ಮಾಡಿದ ಸಮೀಕ್ಷೆಯೊಂದು ಪ್ರಕಟವಾಯಿತು. ತೀವ್ರ ಅಂಗವೈಕಲ್ಯ ಇರುವವರ ಬದುಕಿನ ಗುಣಮಟ್ಟ ಉಳಿದವರಿಗಿಂತ ಕೆಟ್ಟದು ಅಂದವರು 82.4 ಶೇಕಡಾ. ಅಂಗವಿಕಲರಿಗೆ ಉಳಿದವರಷ್ಟೇ ಒಳ್ಳೆಯ ಚಿಕಿತ್ಸೆ ಕೊಡಬಲ್ಲೆ ಅನ್ನುವ ಪೂರ್ಣ ಭರವಸೆ ಇದ್ದವರು 40.7 ಶೇಕಡಾ ಮಾತ್ರ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬದುಕು ಕೆಟ್ಟದು ಅನ್ನುವ ತೀರ್ಪು ಕೊಡುತ್ತಿರುವವರೇ ಅದನ್ನು ಒಳ್ಳೆಯದು ಮಾಡುವುದು ನಮಗೆ ಅಷ್ಟು ಗೊತ್ತಿಲ್ಲ ಅನ್ನುತ್ತಿದ್ದಾರೆ.

ನಮ್ಮನ್ನೇ ಕೇಳಿದರೆ ಉತ್ತರ ಬೇರೆ. 1999ರ ಒಂದು ಅಧ್ಯಯನದಲ್ಲಿ ಗಂಭೀರ ಅಂಗವೈಕಲ್ಯ ಇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಬದುಕು ಚೆನ್ನಾಗಿದೆ ಅಥವಾ ತುಂಬಾ ಚೆನ್ನಾಗಿದೆ ಅಂದಿದ್ದರು. 2011ರಲ್ಲಿ ಲಾಕ್ಡ್-ಇನ್ ಸಿಂಡ್ರೋಮ್ ಇರುವವರನ್ನು, ಅಂದರೆ ಹೆಚ್ಚುಕಡಿಮೆ ಕಣ್ಣು ಮಾತ್ರ ಆಡುವವರನ್ನು, ಕೇಳಿದರು. ಉತ್ತರ ಕೊಟ್ಟ 65 ಜನರಲ್ಲಿ 47 ಜನ ಖುಷಿಯಾಗಿದ್ದೇವೆ ಅಂದರು. ಖುಷಿಯಿಲ್ಲ ಅಂದ 18 ಜನರ ಕಡೆಗೂ ಸಂಶೋಧಕರು ನೋಡಿದರು. ಹೊರಗೆ ಓಡಾಡಲು ಆಗದಿರುವುದು, ಮನಸ್ಸಿಗೆ ಇಷ್ಟವಾಗುವ ಕೆಲಸ ಇಲ್ಲದಿರುವುದು, ಇಂಥವೇ ಅಲ್ಲಿ ಎದ್ದು ಕಂಡವು. ವಿದ್ವಾಂಸರು ಇದಕ್ಕೆ ‘ವಿರೋಧಾಭಾಸ’ ಅಂತ ಹೆಸರಿಟ್ಟಿದ್ದಾರೆ. ನಮಗೆ ಇದರಲ್ಲಿ ಆಭಾಸ ಏನೂ ಕಾಣುವುದಿಲ್ಲ.

ಚಿಕಿತ್ಸೆ ಸಿಗದಿರುವುದು ಅಂದರೆ ಐಸಿಯು ಬಾಗಿಲಲ್ಲಿ ನಡೆಯುವ ದೊಡ್ಡ ನಾಟಕ ಮಾತ್ರ ಅಲ್ಲ. ಬಹಳ ಸಲ ಅದು ಒಂದು ಮೇಜಿನ ಎತ್ತರ. ಪರೀಕ್ಷೆಯ ಮೇಜು ತಗ್ಗುವುದಿಲ್ಲ, ನನ್ನನ್ನು ಎತ್ತಲು ಜನ ಇಲ್ಲ, ಹಾಗಾಗಿ ಕುರ್ಚಿಯಲ್ಲೇ ಕೂರಿಸಿ ಮೇಲುಮೇಲೆ ನೋಡಿ ಕಳಿಸುತ್ತಾರೆ. ಹದಿನಾಲ್ಕು ವರ್ಷದಲ್ಲಿ ನನ್ನ ತೂಕ ನೋಡಿದ್ದು ನಾಲ್ಕು ಸಲ, ಯಾಕೆಂದರೆ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಔಷಧಿಯ ಪ್ರಮಾಣ ತೂಕದ ಮೇಲೆ ಅಲ್ವಾ? ಅಂದಾಜಿನ ಮೇಲೆ ಬರೆದುಕೊಡುತ್ತಾರೆ. ಸ್ತನ ಪರೀಕ್ಷೆಯ ಯಂತ್ರದ ಮುಂದೆ ನಿಲ್ಲಲು ಆಗದ ಎಷ್ಟು ಹೆಂಗಸರು ‘ಇರಲಿ ಬಿಡಿ’ ಅಂತ ವಾಪಸ್ ಬಂದಿದ್ದಾರೋ. ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಹೇಳಿದ ಪ್ರಕಾರ ಪ್ರಪಂಚದಲ್ಲಿ 130 ಕೋಟಿ ಜನರಿಗೆ ಗಣನೀಯ ಅಂಗವೈಕಲ್ಯ ಇದೆ, ಆರರಲ್ಲಿ ಒಬ್ಬರಿಗೆ. ಅವರಲ್ಲಿ ಕೆಲವರು ಉಳಿದವರಿಗಿಂತ 20 ವರ್ಷದಷ್ಟು ಮೊದಲೇ ಸಾಯುತ್ತಾರೆ. ಅದರಲ್ಲಿ ಕಾಯಿಲೆಯ ಪಾಲೆಷ್ಟೋ, ಇಂಥ ಮೇಜುಗಳ, ಯಂತ್ರಗಳ ಪಾಲೂ ಇದೆ.

ಕಾರ್ಡಿನ ಮೇಲಿನ ಅರ್ಧ, ಕೂರಿಸಿ, ಪೈಪು ನೋಡಿ ಅನ್ನುವುದು, ಇನ್ನೊಂದು ರಾತ್ರಿಯದು. ಬೆನ್ನುಹುರಿಗೆ ಎದೆಯ ನಡುಮಟ್ಟಕ್ಕಿಂತ ಮೇಲೆ ಪೆಟ್ಟಾದವರಿಗೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅಂತ ಒಂದು ಆಗುತ್ತದೆ. ಮೂತ್ರಚೀಲ ತುಂಬಿದ್ದು ನಮಗೆ ಗೊತ್ತಾಗುವುದಿಲ್ಲ, ಆದರೆ ದೇಹಕ್ಕೆ ಗೊತ್ತಾಗಿ ಬಿಪಿ ಒಮ್ಮೆಲೇ ಏರುತ್ತದೆ. ಸಕಾಲಕ್ಕೆ ನೋಡದಿದ್ದರೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಮದ್ದು ಎಷ್ಟೋ ಸಲ ಒಂದು ಪೈಪು ನೆಟ್ಟಗೆ ಮಾಡಿದರೆ ಮುಗಿಯುತ್ತದೆ. ಆ ರಾತ್ರಿ ಎಮರ್ಜೆನ್ಸಿಯಲ್ಲಿ ನನ್ನನ್ನು ಮಲಗಿಸಿ, ತಲೆನೋವಿನ ಮಾತ್ರೆ ಕೊಟ್ಟರು. ಮಲಗಿಸಿದರೆ ಬಿಪಿ ಇನ್ನೂ ಏರುತ್ತದೆ. ಅಣ್ಣ ಜಗಳ ಮಾಡಿ ನನ್ನನ್ನು ಎತ್ತಿ ಕೂರಿಸಿ, ತೊಡೆಯ ಕೆಳಗೆ ಸಿಕ್ಕಿಕೊಂಡಿದ್ದ ಪೈಪನ್ನು ಎಳೆದ. ಹತ್ತು ನಿಮಿಷದಲ್ಲಿ ತಲೆನೋವು ಇಳಿಯಿತು.

ಕೋವಿಡ್ ಬಂದಾಗ ಇದೆಲ್ಲ ಕಾಗದದ ಮೇಲೇ ಬಂತು. ಇಂಗ್ಲೆಂಡಿನಲ್ಲಿ 2020ರ ಮಾರ್ಚ್‌ನಲ್ಲಿ ಹೊರಟ ಮಾರ್ಗಸೂಚಿ, ಯಾರಿಗೆ ಐಸಿಯು ಸೂಕ್ತ ಅಂತ ತೀರ್ಮಾನಿಸಲು 1ರಿಂದ 9ರವರೆಗಿನ ಒಂದು ಅಳತೆಗೋಲು ಬಳಸಿ ಅಂದಿತ್ತು. ಮುಪ್ಪಿನ ನಿತ್ರಾಣ ಅಳೆಯಲು ಮಾಡಿದ್ದು ಅದು. ಸ್ನಾನ, ಬಟ್ಟೆಗೆ ಪೂರ್ತಿ ಇನ್ನೊಬ್ಬರನ್ನು ನೆಚ್ಚಿದವರು ಅದರಲ್ಲಿ 7. ಅಂದರೆ ನಾನು 7. ಐಸಿಯು ಬೇಕೋ ಬೇಡವೋ ಯೋಚನೆ ಮಾಡಿ ಅಂತ ಅವರು ಹೇಳಿದ್ದು 5ರಿಂದಲೇ. ಅಂಗವಿಕಲರು ಗಲಾಟೆ ಮಾಡಿದ ಮೇಲೆ ಕೆಲವೇ ದಿನಗಳಲ್ಲಿ ತಿದ್ದಿದರು, ಚಿಕ್ಕ ವಯಸ್ಸಿನವರಿಗೆ, ಸ್ಥಿರವಾದ ಅಂಗವೈಕಲ್ಯ ಇರುವವರಿಗೆ ಇದನ್ನು ಬಳಸಬೇಡಿ ಅಂತ. ಅಮೆರಿಕದ ಅಲಬಾಮಾದ 2010ರ ಯೋಜನೆಯಲ್ಲಿ ತೀವ್ರ ಬೌದ್ಧಿಕ ಅಂಗವೈಕಲ್ಯ ಇರುವವರು ವೆಂಟಿಲೇಟರ್‌ಗೆ ತಕ್ಕವರಾಗುವ ಸಾಧ್ಯತೆ ಕಡಿಮೆ ಅಂತಲೇ ಇತ್ತು. ದೂರು ಹೋಗಿ 2020ರ ಏಪ್ರಿಲ್‌ನಲ್ಲಿ ಅದು ಹೋಯಿತು. ಅಂಗವಿಕಲರ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದ 2006ರದು. ಅದರ 25ನೇ ವಿಧಿ ಅಂಗವೈಕಲ್ಯದ ಕಾರಣಕ್ಕೆ ಚಿಕಿತ್ಸೆಯನ್ನಾಗಲಿ, ಅನ್ನ ನೀರನ್ನಾಗಲಿ ನಿರಾಕರಿಸಬಾರದು ಅನ್ನುತ್ತದೆ. ಅನ್ನ ನೀರು ಅನ್ನುವುದನ್ನೂ ಬರೆಯಬೇಕಾಯಿತು ನೋಡಿ.

‘ಯಾರ ಕೈಲೂ ಮಾಡಿಸಿಕೊಳ್ಳದೆ ಹೋಗಿಬಿಡಬೇಕಪ್ಪಾ.’ ನಾವೆಲ್ಲ ಈ ಮಾತು ಕೇಳಿಯೇ ಬೆಳೆದವರು. ನನ್ನ ಮುಂದೆಯೂ ಹೇಳುತ್ತಾರೆ, ಯೋಚನೆ ಮಾಡದೆ. ನಾನು ಹದಿನಾಲ್ಕು ವರ್ಷದಿಂದ ದಿನಾ ಇನ್ನೊಬ್ಬರ ಕೈಲಿ ಮಾಡಿಸಿಕೊಳ್ಳುತ್ತಿದ್ದೇನೆ. ಹಲ್ಲುಜ್ಜಿಸಿಕೊಳ್ಳುತ್ತೇನೆ, ತೊಳೆಸಿಕೊಳ್ಳುತ್ತೇನೆ. ಅಮೆರಿಕದ ಓರೆಗಾನ್‌ನಲ್ಲಿ 1997ರಿಂದ, ಆರು ತಿಂಗಳೊಳಗೆ ಸಾಯಬಹುದು ಅಂತ ವೈದ್ಯರು ಹೇಳಿದವರಿಗೆ, ನೆರವಿನ ಸಾವು ಸಿಗುತ್ತದೆ. ಅವರು ಕೊಡುವ ಕಾರಣಗಳನ್ನು ವರ್ಷವರ್ಷ ಪ್ರಕಟಿಸುತ್ತಾರೆ. ಮೇಲಿರುವುದು ನೋವು ಅಲ್ಲ. ಸ್ವತಂತ್ರವಾಗಿರಲು ಆಗುತ್ತಿಲ್ಲ ಅಂದವರು ಹತ್ತರಲ್ಲಿ ಸುಮಾರು ಒಂಬತ್ತು ಜನ. ಘನತೆ ಹೋಗುತ್ತಿದೆ ಅಂದವರು ಬಹಳ. ಮನೆಯವರಿಗೆ ಭಾರವಾಗುತ್ತೇನೆ ಅಂದವರು ಹೆಚ್ಚುಕಡಿಮೆ ಅರ್ಧ. ನೋವು, ಅಥವಾ ಮುಂದೆ ನೋವು ಬರಬಹುದೆಂಬ ಭಯ, ಮೂರರಲ್ಲಿ ಹೆಚ್ಚುಕಡಿಮೆ ಒಂದು.

ಆ ಪಟ್ಟಿಯಲ್ಲಿ ಇರುವುದು ನನ್ನ ದಿನಚರಿ. ತೊಳೆಸಿಕೊಂಡರೆ ಘನತೆ ಹೋಗುತ್ತದೆ ಅಂತಾದರೆ ನನ್ನ ಘನತೆ ಬೆಳಿಗ್ಗೆ ಆರೂವರೆಗೇ ಹೋಯಿತು ಅಂತ ಅರ್ಥ. ಹಾಗಿಲ್ಲ. ಪರದೆ ಎಳೆಯದ ದಿನ ನನ್ನ ಘನತೆ ಹೋಗಿತ್ತು. ಪರದೆ ಎಳೆದ ದಿನ ವಾಪಸ್ ಬಂತು.

ದಯಾಮರಣ ಅನ್ನುವ ನಮ್ಮ ಪದದ ಬಗ್ಗೆಯೂ ಒಂದು ಮಾತು. ಅದರಲ್ಲಿ ದಯೆ ತೋರುವವರು ಒಬ್ಬರು, ಸಾಯುವವರು ಇನ್ನೊಬ್ಬರು. ನನ್ನನ್ನು ಕಂಡು ‘ಪಾಪ’ ಅಂದವರ ಲೆಕ್ಕ ಇಟ್ಟಿಲ್ಲ. ಆ ‘ಪಾಪ’ ಕಾನೂನಿನ ಒಳಗೆ ಹೋಗಿ ಕೂತರೆ ಏನಾಗುತ್ತದೆ ಅನ್ನುವುದೇ ನನ್ನ ಭಯ.

ಇಷ್ಟೆಲ್ಲ ಬರೆದು ಒಬ್ಬ ಗೆಳೆಯನ ಮಾತು ಬಿಟ್ಟರೆ ನಾನು ಪ್ರಾಮಾಣಿಕಳಾಗುವುದಿಲ್ಲ. ಅವನಿಗೆ ಮೋಟಾರ್ ನ್ಯೂರಾನ್ ಕಾಯಿಲೆ, ಸ್ನಾಯು ಆಡಿಸುವ ನರಗಳು ಸಾಯುತ್ತಾ ಹೋಗುವಂಥದ್ದು. ಮೊದಲು ಕೈ ಹೋಯಿತು, ಆಮೇಲೆ ಮಾತು ತೊದಲಿತು. ನಮ್ಮಿಬ್ಬರದೂ ಇದೇ ವಿಷಯಕ್ಕೆ ವಾದ. “ನಿಂದು ನಿಂತುಬಿಟ್ಟಿದೆ. ನಂದು ಓಡ್ತಾ ಇದೆ” ಅಂದಿದ್ದ ಒಂದು ಸಲ. “ನಿನಗೆ ಅಭ್ಯಾಸ ಆಗೋಕೆ ಟೈಮ್ ಸಿಕ್ತು. ನನಗೆ ಒಂದಕ್ಕೆ ಅಭ್ಯಾಸ ಆಗೋದರೊಳಗೆ ಇನ್ನೊಂದು ಹೋಗುತ್ತೆ. ನನ್ನ ಬಾಗಿಲು ನೀನ್ಯಾಕೆ ಮುಚ್ತೀಯ?” ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ನನ್ನ ಎಲ್ಲ ತೀರ್ಮಾನ ನಾನೇ ಮಾಡಬೇಕು ಅಂತ ಇಷ್ಟು ವರ್ಷ ಹೊಡೆದಾಡಿದವಳು, ಅವನಿಗೆ ನೀನು ಮಾಡಬೇಡ ಅನ್ನುವುದು ಹೇಗೆ?

ಸುಮ್ನೆ ಅವನ ಪಕ್ಕ ಕೂತು, ನಿನಗೆ ಯಾವುದರ ಭಯ ಅಂತ ಕೇಳಿದೆ. ಉಸಿರು ಕಟ್ಟಿ ಒದ್ದಾಡಿ ಸಾಯುವ ಭಯ ಅಂದ. ಆ ಕಾಯಿಲೆಯಲ್ಲಿ ಸರಿಯಾದ ಆರೈಕೆ ಇದ್ದರೆ ಹಾಗಾಗುವುದು ಅಪರೂಪ. ಬಹಳ ಜನ ನಿದ್ದೆಯಲ್ಲೇ ಮೆಲ್ಲಗೆ ಹೋಗುತ್ತಾರೆ. ಉಸಿರಿನ ಆತಂಕಕ್ಕೆ ಸಣ್ಣ ಪ್ರಮಾಣದ ಮಾರ್ಫಿನ್ ಇದೆ. ಕಾಯಿಲೆ ಗೊತ್ತಾಗಿ ಹನ್ನೊಂದು ತಿಂಗಳಾದರೂ ಯಾರೂ ಅವನಿಗೆ ಇದನ್ನು ಹೇಳಿರಲಿಲ್ಲ. ನಾವು ಹುಡುಕಿಕೊಂಡು ಹೋದ ಉಪಶಾಮಕ ಆರೈಕೆಯ, ಅಂದರೆ ದೊಡ್ಡ ಕಾಯಿಲೆಯ ಸಂಕಟ ತಗ್ಗಿಸುವ, ಡಾಕ್ಟರು ಮೊದಲ ಭೇಟಿಯಲ್ಲೇ ಹೇಳಿದರು. ಅವನು ಅತ್ತುಬಿಟ್ಟ. ಬ್ರಿಟನ್ನಿನ ವೈದ್ಯೆ ಸಿಸಿಲಿ ಸಾಂಡರ್ಸ್ 1967ರಲ್ಲಿ, ಕೊನೆಗಾಲದಲ್ಲಿರುವವರ ಆರೈಕೆಗೆ ಅಂತ, ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದಾಗಿನಿಂದ ಈ ವಿದ್ಯೆ ಬೆಳೆಯುತ್ತಲೇ ಇದೆ. ದೇಹದ ನೋವು, ಮನಸ್ಸಿನ ನೋವು, ಮನೆಯವರ ಚಿಂತೆ, ಎಲ್ಲ ಸೇರಿ ಒಂದೇ ನೋವು ಅಂತ ನೋಡಲು ಕಲಿಸಿದವರು ಅವರು. ಇಷ್ಟಾದರೂ ಇಂಥ ಆರೈಕೆ ಬೇಕಾದವರಲ್ಲಿ ಅದು ಸಿಗುವುದು 14 ಶೇಕಡಾ ಜನರಿಗೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದ 86 ಶೇಕಡಾ ಜನರ ಮುಂದೆ ಸಾಯುವ ಆಯ್ಕೆಯೊಂದನ್ನೇ ಇಟ್ಟು ಅದನ್ನು ಸ್ವಾತಂತ್ರ್ಯ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಗೆಳೆಯ ಅದಾದ ಮೇಲೆ ಹದಿನಾಲ್ಕು ತಿಂಗಳು ಇದ್ದ. ಗಂಟಲಿಗೆ ಟ್ಯೂಬ್ ಬೇಡ ಅಂತ ಅವನೇ ತೀರ್ಮಾನ ಮಾಡಿದ. ಯಾರೂ ಒತ್ತಾಯ ಮಾಡಲಿಲ್ಲ. ಒಂದು ಬೆಳಗಿನ ಜಾವ ಮನೆಯಲ್ಲೇ ಹೋದ, ನಿದ್ದೆಯಲ್ಲಿ. ಕಾನೂನಿನ ವಿಷಯದಲ್ಲಿ ಕೊನೆಯವರೆಗೂ ನನ್ನ ಮಾತು ಒಪ್ಪಲಿಲ್ಲ. “ನಿನ್ನ ಭಯ ನನಗೆ ಅರ್ಥವಾಯ್ತು, ಅಷ್ಟೇ” ಅಂತ ಕಣ್ಣಿನಿಂದ ನಡೆಸುವ ಪರದೆಯ ಮೇಲೆ ಬರೆದಿದ್ದ. ಆ ಸಂದೇಶ ನನ್ನ ಫೋನಿನಲ್ಲಿ ಇನ್ನೂ ಇದೆ.

ತಂಗಿಗೆ ಇದೆಲ್ಲ ನಿನ್ನೆ ಹೇಳಿದೆ. ಎಲ್ಲ ಕೇಳಿ ಸುಮ್ಮನೆ ಕೂತಿದ್ದಳು. ಕಾರ್ಡ್ ಹಳೆಯದಾಗಿ ಅಂಚು ಬಿಟ್ಟಿತ್ತು, ಹೊಸದು ಮಾಡಿಸಬೇಕಿತ್ತು. ಅವಳೇ ಲ್ಯಾಪ್‌ಟಾಪ್ ತೆಗೆದು ಟೈಪ್ ಮಾಡಲು ಕೂತಳು. ಬಿಪಿ, ಪೈಪು, ಕೂರಿಸಿ, ಎಲ್ಲ ಹಾಗೇ ಬರೆದಳು. ಕೊನೆಯ ಸಾಲಿಗೆ ಬಂದಾಗ ಕೈ ನಿಂತಿತು. “ಅಕ್ಕಾ, ಇದನ್ನ ಮೇಲಕ್ಕೆ ತರಲಾ?” ಅಂದಳು. ತಾ ಅಂದೆ. ಅಕ್ಷರವನ್ನೂ ದೊಡ್ಡದು ಮಾಡಿದಳು.